ಒಳಗಿನಿಂದ ಸರಿಯಾಗಿತ್ತು

ಉತ್ತರಕ್ರಿಯೆ ಎಲ್ಲ ಮುಗಿದ ಮೇಲಿನ ಮೊದಲ ಮಾಮೂಲು ಬೆಳಗ್ಗೆ, ಅಂದರೆ ಮಂಗಳವಾರ, ನಾನು ಎದ್ದು ಬರುವಷ್ಟರಲ್ಲಿ ಭಾವ ಷೇವ್ ಮಾಡಿಕೊಂಡು, ಇಸ್ತ್ರಿ ಷರ್ಟು ಹಾಕಿಕೊಂಡು, ನನ್ನ ಗಂಡನ ಅಂಗಡಿಯ ಬೀಗದ ಕೈಯನ್ನು ಜೇಬಿಗಿಳಿಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನೆಂಟರೆಲ್ಲ ಹಿಂದಿನ ದಿನ ಹೋಗಿದ್ದರು. ಬಾಡಿಗೆಗೆ ತಂದ ಕುರ್ಚಿಗಳೂ ಹೋಗಿದ್ದವು. ಉಳಿದವರು ಇಬ್ಬರು. ನನ್ನ ಗಂಡನ ಅಣ್ಣ, ಅಂದರೆ ಭಾವ; ಮತ್ತು ಅವರಿಬ್ಬರ ಸೋದರತ್ತೆ. ಅತ್ತೆ ನನ್ನನ್ನು ನೋಡಿಕೊಳ್ಳಲು ಉಳಿದಿದ್ದರು. ಭಾವ ಯಾಕೆ ಉಳಿದರು ಅನ್ನುವುದು ಆಗ ತಿಳಿಯಿತು.

"ನೋಡಮ್ಮಾ, ಅಂಗಡಿ ವಿಷಯ ನಾನು ನೋಡ್ಕೋತೀನಿ. ನೀನು ಅದರ ಯೋಚನೆ ಮಾಡಬೇಡ."

ನಾನು ಯೋಚನೆ ಮಾಡುತ್ತಿರಲಿಲ್ಲ. ಒಲೆಯ ಮೇಲೆ ಹಾಲಿತ್ತು. ಅದನ್ನು ನೋಡುತ್ತಿದ್ದೆ.

ಭಾವ ಮೂವತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಎಲ್ಲಿ ತಕ್ಕಡಿ ಕಂಡರೂ ಅವರ ಬಲಹುಬ್ಬು ತಾನಾಗಿ ಮೇಲೇರುತ್ತದೆ. ಅಳತೆ ಗೊತ್ತಿರುವವನಿಗೆ ಉಳಿದ ವಿದ್ಯೆಗಳೆಲ್ಲ ತಾವಾಗಿ ನಡೆದು ಬರುತ್ತವೆ ಅನ್ನುವುದು ಅವರ ನಂಬಿಕೆ. ಈ ನಂಬಿಕೆಗೆ ಇದುವರೆಗೆ ಆಧಾರ ಸಿಕ್ಕಿಲ್ಲ. ಆದರೆ ಅವರು ಒಳ್ಳೆಯವರು. ತಮ್ಮನಿಗಿಂತ ಇಪ್ಪತ್ತೆರಡು ವರ್ಷ ದೊಡ್ಡವರು. ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವರು.

"ಒಂದೇ ಒಂದು ಆರ್ಡರ್ ಬಾಕಿ ಇದೆ," ಅಂದರು. "ಕಣ್ಣು ಡಾಕ್ಟರಮ್ಮಂದು. ಆಸ್ಪತ್ರೆ ಮುಂದಿನ ಗಾಜಿಗೆ ಅಕ್ಷರ ಅಂಟಿಸಬೇಕು. ಭಾನುವಾರ ಅವರ ಓಪನಿಂಗ್. ಶನಿವಾರ ಅಂಟಿಸಿ ಮುಗಿಸಿದ್ರೆ ಅವರ ಇನ್ನೂ ನಾಲ್ಕು ಆಸ್ಪತ್ರೆ ಕೆಲಸ ನಮಗೇ ಅಂತ ಹೇಳಿದ್ದಾರೆ. ಹಾಗಾದ್ರೆ ಅಂಗಡಿ ಉಳಿಯತ್ತೆ. ಆಗದೇ ಹೋದ್ರೆ ಭಾನುವಾರ ಸಾಯಂಕಾಲ ಪಕ್ಕದ ಟೈಲರ್‌ಗೆ ಹೂಂ ಅಂದುಬಿಡ್ತೀನಿ. ನಡುಗೋಡೆ ಒಡೆದು ಸೇರಿಸ್ಕೋತಾನಂತೆ."

"ಅಂಗಡಿ ಇರಲಿ ಭಾವ," ಅಂದೆ.

ಒಂದು ವಾರದಲ್ಲಿ ನಾನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅತ್ತೆ ಅಡುಗೆಮನೆಯಿಂದ ಇಣುಕಿ ನೋಡಿದರು.

ಅಂಗಡಿಗೂ ನನಗೂ ಇದ್ದ ಸಂಬಂಧ ಊಟದ ಡಬ್ಬಿಯಷ್ಟು. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತೇನೆ. ಅವರು ವಿನೈಲ್ ಅನ್ನುವ ಪ್ಲಾಸ್ಟಿಕ್ ಅಂಟುಹಾಳೆಯಲ್ಲಿ ಪ್ರಿಂಟ್ ಮಾಡಿ, ಅದರ ಮೇಲೆ ಲ್ಯಾಮಿನೇಶನ್ ಹಾಕಿ, ಅಂಗಡಿ ಗಾಜುಗಳಿಗೆ, ಗೋಡೆಗಳಿಗೆ, ವ್ಯಾನುಗಳಿಗೆ ಅಂಟಿಸುತ್ತಿದ್ದರು. ಸಂಜೆ ಬಂದಾಗ ಉಗುರಿನ ಸಂದಿಯಲ್ಲಿ ಯಾವುದೋ ಅಕ್ಷರದ ತುಣುಕು ಅಂಟಿಕೊಂಡಿರುತ್ತಿತ್ತು. ವಯಸ್ಸು ಮೂವತ್ತೆಂಟು. ಹೃದಯ. ಅಷ್ಟೇ.

ಒಂಬತ್ತು ಗಂಟೆಗೆ ಅಂಗಡಿ ತೆಗೆದೆವು. ಬಾಗಿಲು ಪೂರ್ತಿ ಮೇಲೇರುವ ಮೊದಲೇ ಟೈಲರ್ ಬಂದರು. ಕುತ್ತಿಗೆಯಲ್ಲಿ ಟೇಪು.

"ದೇವರಂಥ ಮನುಷ್ಯ ಸಾರ್," ಅಂದರು ಟೈಲರ್, ನಡುಗೋಡೆಯ ಉದ್ದಕ್ಕೂ ಟೇಪು ಹಿಡಿಯುತ್ತ. "ಒಂದು ದಿನ ಜೋರಾಗಿ ಮಾತಾಡಿದವರಲ್ಲ. ಹನ್ನೊಂದೂವರೆ ಅಡಿ. ಇಂಥವರನ್ನೇ ಮೇಲಿನವನು ಬೇಗ ಕರ್ಕೊಳ್ಳೋದು."

"ಹನ್ನೊಂದು ಅಡಿ ಏಳೂಕಾಲು ಇಂಚು," ಅಂದರು ಭಾವ. "ನಿಮ್ಮ ಟೇಪು ಹಿಗ್ಗಿದೆ."

ಟೈಲರ್ ಹೋದ ಮೇಲೆ ಭಾವ ಮೇಜಿನ ಮೇಲಿದ್ದ ಸುರುಳಿಯನ್ನು ಎತ್ತಿಕೊಂಡರು. ಕಂದು ಕಾಗದ ಸುತ್ತಿ, ಮೇಲೆ ನನ್ನ ಗಂಡನ ಕೈಬರಹದಲ್ಲಿ "ಕಣ್ಣು. ಮುಂಗಾಜು. ರೆಡಿ" ಅಂತಿತ್ತು. ಪ್ರಿಂಟ್ ಆಗಿ, ಲ್ಯಾಮಿನೇಶನ್ ಆಗಿ, ಅಂಚು ಕತ್ತರಿಸಿ, ಅಂಟಿಸುವುದೊಂದೇ ಬಾಕಿ. ಭಾವ ಅದನ್ನು ನೆಲದ ಮೇಲೆ ಬಿಚ್ಚಿದರು. ಎಂಟು ಅಡಿ ಉದ್ದ, ನೀಲಿ ಅಕ್ಷರ.

ಎಲ್ಲ ಅಕ್ಷರಗಳೂ ಉಲ್ಟಾ ಇದ್ದವು.

ಭಾವ ಎಡಗಡೆ ಹೋಗಿ ನಿಂತರು. ಬಲಗಡೆ ಬಂದು ನಿಂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿದರು. ಮನೆಯ ಮಾನಕ್ಕೆ ಸಂಬಂಧಿಸಿದ ವಿಷಯ ಬಂದಾಗ ಅವರು ಮಾಡುವ ಮೊದಲ ಕೆಲಸ ಅದು.

"ಕೊನೇಗೆ ಅವನಿಗೆ ತಲೆನೋವು ಏನಾದ್ರೂ ಇತ್ತೇನಮ್ಮಾ?"

"ಇಲ್ಲ ಭಾವ."

"ಮಾತು ತೊದಲೋದು?"

"ಇಲ್ಲ."

"ಕ-ಕಾರ ಬರೆಯೋಕೆ ಅವನಿಗೆ ಒಂದೇ ದಿನ ಸಾಕಾಗಿತ್ತು," ಅಂದರು ಭಾವ. "ಒಂದೇ ದಿನ. ಅಂಥವನು ಒಂದು ಅಕ್ಷರ ಬಿಡದ ಹಾಗೆ ಎಲ್ಲಾನೂ ತಿರುಗಿಸಿ ಬರೆದಿದ್ದಾನೆ. ಹೃದಯ ಅಂತ ಆ ಆಸ್ಪತ್ರೆಯವರು ಬರೆದುಕೊಟ್ರು. ಇದು ಹೃದಯ ಅಲ್ಲಮ್ಮಾ. ಇದು ತಲೆ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳಬಾರದು.

ಯಾರಿಗೂ ಹೇಳುವುದು ಬೇಡ ಅಂತ ತೀರ್ಮಾನವಾಯಿತು. ಮಧ್ಯಾಹ್ನದ ಹೊತ್ತಿಗೆ ಅತ್ತೆಗೆ ಹೇಳಿ ಆಗಿತ್ತು. ಅತ್ತೆಗೆ ಹೇಳುವುದು ಯಾರಿಗೂ ಹೇಳಿದ ಹಾಗಲ್ಲ ಅನ್ನುವುದು ಭಾವನ ಲೆಕ್ಕ.

"ನಾನು ಆಗ್ಲೇ ಅಂದ್ಕೊಂಡೆ ಕಣೋ," ಅಂದರು ಅತ್ತೆ. "ಹೋದ ತಿಂಗಳು ಬಂದಾಗ ನನ್ನ ಚಪ್ಪಲಿ ಆಚೀಚೆ ಮಾಡಿ ಇಟ್ಟಿದ್ದ. ಎಡಗಾಲಿಂದು ಬಲಕ್ಕೆ. ಪಾಪ, ವಯಸ್ಸಾದವಳು ನಾನೇ ತಪ್ಪು ಹಾಕ್ಕೊಂಡೆ ಅಂದ್ಕೊಂಡಿದ್ದೆ."

"ಕನ್ನಡಿ ಎದುರು ಹಿಡಿದ್ರೆ ಸರಿಯಾಗಿ ಕಾಣತ್ತೇನೋ," ಅಂತಲೂ ಅಂದರು.

"ಹಾಗಂತ ಬರೋ ರೋಗಿಗಳೆಲ್ಲ ಕೈಲಿ ಕನ್ನಡಿ ಹಿಡ್ಕೊಂಡು ಬರ್ತಾರಾ ಅತ್ತೆ?" ಅಂದರು ಭಾವ.

ಸಂಜೆಯಿಂದ ಫೋನುಗಳು ಶುರುವಾದವು. ಚಿಕ್ಕಪ್ಪನ ಮಗ ಒಬ್ಬರು ತಮ್ಮ ಮನೆ ಗೇಟಿನ ಒಳಗೆ ಅವನು ಸ್ಕೂಟರನ್ನು ಹಿಂದುಮುಂದಾಗಿ ತಂದಿದ್ದನ್ನು ನೆನೆದರು. ಗಲ್ಲಿ ಕಿರಿದು, ತಿರುಗಿಸಲು ಜಾಗವಿರಲಿಲ್ಲ ಅನ್ನುವುದನ್ನು ನೆನೆಯಲಿಲ್ಲ. ಓರಗಿತ್ತಿ, ಅವನು ಪತ್ರಿಕೆಯನ್ನು ಕೊನೆಯ ಪುಟದಿಂದ ಓದುತ್ತಿದ್ದ ಅಂದಳು. ಆರು ವರ್ಷದಿಂದ ಅವನನ್ನು ನೋಡದೆ ಇದ್ದ ದೊಡ್ಡಮ್ಮ ಎಲ್ಲರಿಗಿಂತ ಹಿಂದಕ್ಕೆ ಹೋದರು.

"ಹುಟ್ಟುವಾಗ್ಲೇ ಕಾಲು ಮುಂದೆ ಬಂದಿತ್ತು ಕಣಮ್ಮಾ. ಅವತ್ತೇ ಸೂಲಗಿತ್ತಿ ಅಂದಿದ್ಳು, ಈ ಮಗು ಏನೋ ತಿರುಗಾಮುರುಗಾ ಮಾಡತ್ತೆ ಅಂತ."

ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇದ್ದಾರೆ. ನಮ್ಮವರು ಕರುವಿಗೆ ಹೆಸರಿಟ್ಟು, ಮೂಗುದಾರವನ್ನೂ ಪೋಣಿಸಿದರು. ಹೇಳಿದ್ದರಲ್ಲಿ ಒಂದೊಂದೂ ನಿಜವಾಗಿದ್ದು, ಒಟ್ಟು ತೀರ್ಮಾನ ಸುಳ್ಳಾಗಿರುವುದು ಸಾಧ್ಯ. ಇದನ್ನು ನಾನು ವರ್ಷಕ್ಕೆರಡು ಸಲ ಪಾಠ ಮಾಡುತ್ತೇನೆ. ಆದರೆ ಆ ರಾತ್ರಿ ಊಟಕ್ಕೆ ಕೂತಾಗ, ಒಮ್ಮೆ ಅವರು ಷರ್ಟಿನ ಗುಂಡಿಗಳನ್ನು ಒಂದರ ಬದಲು ಇನ್ನೊಂದಕ್ಕೆ ಹಾಕಿಕೊಂಡು ಹೋಗಿದ್ದು ನನಗೂ ನೆನಪಾಯಿತು. ಲೆಕ್ಕಕ್ಕೆ ಸೇರಿಸಿಕೊಂಡೆ.

ಬುಧವಾರ ಭಾವ ನಿರ್ಧಾರ ಹೇಳಿದರು.

"ಅವನ ಕೊನೇ ಕೆಲಸ ಹೀಗಾಗಿತ್ತು ಅಂತ ಹೊರಗಿನ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ನಾನು ಹೊಸದಾಗಿ ಪ್ರಿಂಟ್ ಮಾಡ್ತೀನಿ. ಆ ಹಳೇದನ್ನ ನೀನು ಸುಟ್ಟುಹಾಕು."

"ಹೂಂ," ಅಂದೆ.

ಅದನ್ನು ಮನೆಗೆ ತಂದು ಬೀರುವಿನ ಹಿಂದೆ ನಿಲ್ಲಿಸಿದೆ. ಹೂಂ ಅನ್ನುವುದು ಒಪ್ಪಿಗೆಯಲ್ಲ, ಕೇಳಿಸಿಕೊಂಡೆ ಅನ್ನುವುದಕ್ಕೆ ರಸೀದಿ.

ಪ್ರಿಂಟ್ ಮಾಡುವುದು ಭಾವ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಫೈಲು ಕಂಪ್ಯೂಟರಿನಲ್ಲಿತ್ತು. ಚಿತ್ರವನ್ನು ಎಡದಿಂದ ಬಲಕ್ಕೆ ತಿರುಗಿಸುವ ಗುಂಡಿಯನ್ನು ನಲವತ್ತು ನಿಮಿಷದಲ್ಲಿ ಕಂಡುಹಿಡಿದರು. ಪಾರದರ್ಶಕ ಫಿಲ್ಮಿನ ರೋಲು ಒಂದೇ ಇತ್ತು, ಅಳೆದರು, ಎರಡು ಸಲಕ್ಕೆ ಆಗುವಷ್ಟಿತ್ತು. ಹೊಸದು ತರಿಸಿದರೆ ಬರಲು ಆರು ದಿನ. ಮೆಷಿನ್ನು ಮುಂದಕ್ಕೂ ಹಿಂದಕ್ಕೂ ಓಡಾಡಿ "ಕಣ್ಣಿನ ಆಸ್ಪತ್ರೆ" ಅಂತಲೂ, ಕೆಳಗೆ ಸಣ್ಣಕ್ಷರದಲ್ಲಿ "ಜಗತ್ತನ್ನು ಸ್ಪಷ್ಟವಾಗಿ ನೋಡಿ" ಅಂತಲೂ ಅಚ್ಚುಕಟ್ಟಾಗಿ ಬರೆಯಿತು. ಈ ಸಲ ಎಲ್ಲವೂ ನೆಟ್ಟಗೆ ಇತ್ತು. ಭಾವ ಒಂದೊಂದು ಅಕ್ಷರದ ಮೇಲೂ ಗಾಳಿಯಲ್ಲಿ ಬೆರಳಾಡಿಸಿ ನೋಡಿದರು.

ಗೋಡೆಯ ಮೇಲೆ ನನ್ನ ಗಂಡ ಬರೆದು ಅಂಟಿಸಿದ ಒಂದು ಚೀಟಿ ಇತ್ತು. ತಮಗೋಸ್ಕರ ಬರೆದುಕೊಂಡದ್ದಲ್ಲ, ನಡುವೆ ಎರಡು ತಿಂಗಳು ಕೆಲಸಕ್ಕಿದ್ದವನೊಬ್ಬನಿಗೆ ಬರೆದದ್ದು.

"ಪ್ರಿಂಟು ಒಂದು ದಿನ ಪೂರ್ತಿ ಒಣಗಲಿ. ಅವಸರ ಮಾಡಿದರೆ ಲ್ಯಾಮಿನೇಶನ್ ಒಳಗೆ ಬೆವರುತ್ತದೆ. ಗಾಜಿಗೆ ಹೊಡೆಯುವ ನೀರಿಗೆ ಸೋಪು ಎರಡೇ ಹನಿ. ಒತ್ತುವುದು ಮಧ್ಯದಿಂದ ಅಂಚಿಗೆ. ಗುಳ್ಳೆ ಎದ್ದರೆ ಸೂಜಿ, ಬ್ಲೇಡ್ ಬೇಡ. ಮೊದಲು ಟೇಪು ಹಾಕಿ ನಿಲ್ಲಿಸು, ದೂರ ಹೋಗಿ ನೋಡು, ಆಮೇಲೆ ಅಂಟಿಸು."

ಒಳಗಿನಿಂದ ಅಂಟಿಸುವುದಾದರೆ ಏನು ಮಾಡಬೇಕು ಅಂತ ಅದರಲ್ಲಿರಲಿಲ್ಲ. ಚೆನ್ನಾಗಿ ಗೊತ್ತಿರುವವರು ತೀರ ಗೊತ್ತಿರುವುದನ್ನು ಬರೆದಿಡುವುದಿಲ್ಲ.

ಭಾವ ಆ ಚೀಟಿಯನ್ನು ಸರಕಾರಿ ಸುತ್ತೋಲೆಯಂತೆ ಪಾಲಿಸಿದರು. ಒಂದು ದಿನ ಅಂದರೆ ಇಪ್ಪತ್ನಾಲ್ಕು ಗಂಟೆ. ಬುಧವಾರ ಬೆಳಗ್ಗೆ ಹನ್ನೊಂದು ಹತ್ತಕ್ಕೆ ಪ್ರಿಂಟ್ ಮುಗಿದಿತ್ತು. ಗುರುವಾರ ಹನ್ನೊಂದು ಹತ್ತರವರೆಗೆ ಅದರ ಹತ್ತಿರ ಯಾರೂ ಸೀನಬಾರದು ಅಂತ ಅಪ್ಪಣೆಯಾಯಿತು. ಸಂಜೆ ಅತ್ತೆ ಅಂಗಡಿಗೆ ಬಂದು, ಅವನು ಕೂರುತ್ತಿದ್ದ ಸ್ಟೂಲು ನೋಡಿ ಅಳಲು ಶುರುಮಾಡಿದರು.

"ಅತ್ತೆ, ಆ ಕಡೆ ತಿರುಗಿ ಅಳು. ತೇವ ಆಗತ್ತೆ," ಅಂದರು ಭಾವ.

ಅತ್ತೆ ಆ ಕಡೆ ತಿರುಗಿ ಅತ್ತರು.

ಗುರುವಾರ ಹನ್ನೊಂದು ಹನ್ನೊಂದಕ್ಕೆ ಲ್ಯಾಮಿನೇಶನ್. ಎರಡು ರಬ್ಬರ್ ರೋಲರುಗಳ ನಡುವೆ ಪ್ರಿಂಟು ಒಂದು ಕಡೆಯಿಂದ ಹೋಗುತ್ತದೆ, ಮೇಲಿನಿಂದ ತೆಳ್ಳನೆ ಹೊಳಪು ಪದರ ಇಳಿದು ಅದರ ಮೇಲೆ ಕೂರುತ್ತದೆ, ಎರಡೂ ಒಂದಾಗಿ ಆಚೆ ಬರುತ್ತವೆ. ಮೆಲ್ಲಗೆ ಸುತ್ತುವ ಮೆಷಿನ್ನು. ಯಾರಿಗೂ ಹೆದರಿಕೆ ಹುಟ್ಟಿಸುವಂಥದ್ದಲ್ಲ. ಭಾವ ಈ ಕಡೆ, ನಾನು ಆ ಕಡೆ. "ಕಣ್ಣಿನ" ಅನ್ನುವಷ್ಟು ಆಚೆ ಬಂದಿತ್ತು. ಆಗ ಟೈಲರ್ ಬಂದರು.

"ಬೇಜಾರು ಮಾಡ್ಕೋಬೇಡಿ ಸಾರ್, ಸ್ವಿಚ್ ಬೋರ್ಡು ಎಲ್ಲಿ ಬರತ್ತೆ ಅಂತ ಒಂಚೂರು ನೋಡ್ಕೊಂಡು ಹೋಗ್ತೀನಿ," ಅಂದು ಮೆಷಿನ್ನಿನ ಮೇಲಿಂದ ಗೋಡೆಯ ಕಡೆಗೆ ಬಾಗಿದರು. "ನಿಮ್ಮ ತಮ್ಮನ ನೆನಪು ಮಾತ್ರ ಎಷ್ಟು ವರ್ಷ ಆದ್ರೂ..."

ಕುತ್ತಿಗೆಯ ಟೇಪಿನ ಒಂದು ತುದಿ ಜೋತುಬಿದ್ದು "ಆಸ್ಪತ್ರೆ"ಯ ಮೇಲೆ ಕೂತಿತು. ರೋಲರು ಅದನ್ನು ಆದರದಿಂದ ಬರಮಾಡಿಕೊಂಡಿತು.

"...ಎಷ್ಟು ವರ್ಷ ಆದ್ರೂ ಮಾಸಲ್ಲ," ಅನ್ನುತ್ತ ಟೈಲರ್ ಇನ್ನೊಂದಿಷ್ಟು ಬಾಗಿದರು. ಭಾವ ಇದನ್ನು ದುಃಖ ಅಂದುಕೊಂಡು ಅವರ ಬೆನ್ನು ಸವರಿದರು. ಟೈಲರ್ ಇನ್ನೂ ಬಾಗಿದರು. ಮೂಗು ಮೆಷಿನ್ನಿಗೆ ಒಂದು ಗೇಣು ದೂರವಿದ್ದಾಗ, "ಸಾರ್, ನಾನು ಹೋಗ್ತಾ ಇದೀನಿ ಅನ್ಸತ್ತೆ," ಅಂದರು.

"ಹಾಗೆಲ್ಲ ಅನ್ನಬಾರದು. ನಾವೆಲ್ಲ ಇಲ್ವಾ?" ಅಂದರು ಭಾವ.

ನಾನು ಸ್ವಿಚ್ಚು ಆರಿಸಿದೆ.

ಟೇಪಿನ ಹದಿನೇಳು ಇಂಚು ಲ್ಯಾಮಿನೇಶನ್ನಿನ ಒಳಗೆ ಹೋಗಿತ್ತು. "ಆಸ್ಪತ್ರೆ"ಯ ಮೇಲೆ ಅಡ್ಡಡ್ಡವಾಗಿ, ಒಂದರಿಂದ ಹದಿನೇಳರವರೆಗೆ, ಒಂದೂ ಗುಳ್ಳೆ ಇಲ್ಲದೆ, ಐದು ವರ್ಷ ಬಿಸಿಲಿಗೆ ಬಣ್ಣ ಕೆಡದ ಹಾಗೆ. ಉಳಿದದ್ದನ್ನು ಕುತ್ತಿಗೆಯ ಹತ್ತಿರ ಕತ್ತರಿಸಬೇಕಾಯಿತು. ಟೈಲರ್ ತಮ್ಮ ಕತ್ತರಿಯನ್ನೇ ತರಿಸಿದರು. ಬೇರೆಯವರ ಕತ್ತರಿ ಕುತ್ತಿಗೆಯ ಹತ್ತಿರ ಬರುವುದು ಅವರಿಗೆ ಇಷ್ಟವಿರಲಿಲ್ಲ.

ಪ್ರಿಂಟು ಹಾಳಾಯಿತು. ಭಾವ ಉಳಿದ ಫಿಲ್ಮನ್ನು ಮೆಷಿನ್ನಿಗೆ ಹಾಕಿ ಮತ್ತೆ ಪ್ರಿಂಟ್ ಮಾಡಿದರು. ರೋಲು ಖಾಲಿ. ಶುಕ್ರವಾರ ಬಾಗಿಲು ಹಾಕಿಕೊಂಡು ಲ್ಯಾಮಿನೇಶನ್ ಮುಗಿಸಿದೆವು. ಈ ಸಲ ಒಂದು ಸೊಳ್ಳೆ ಮಾತ್ರ ಒಳಗೆ ಸೇರಿತು, ಅದೂ ಅಂಚಿನಲ್ಲಿ. ಭಾವ ಅಂಚು ಕತ್ತರಿಸಿ, ಸೊಳ್ಳೆಯ ಅಗಲ ಬರೆದುಕೊಂಡು, ಅಷ್ಟನ್ನು ಇನ್ನೊಂದು ಕಡೆಯಿಂದಲೂ ಕತ್ತರಿಸಿದರು.

ಶನಿವಾರ ಎಂಟು ಗಂಟೆಗೆ ಆಸ್ಪತ್ರೆಗೆ ಹೋದೆವು. ಮುಂದಿನ ಗಾಜಿನ ಹೊರಮೈಗೆ ಅಂಟಿಕೊಂಡ ಹಾಗೆ ಕಬ್ಬಿಣದ ಜಾಲರಿ ಕೂರಿಸಿದ್ದರು, ಕೈ ತೂರುವಂತಿರಲಿಲ್ಲ. ಹಾಗಾಗಿ ಏನಿದ್ದರೂ ಒಳಗಿನಿಂದಲೇ ಅಂಟಿಸಬೇಕು ಅಂತ ನನ್ನ ಗಂಡ ಮೊದಲೇ ಡಾಕ್ಟರಮ್ಮನಿಗೆ ಹೇಳಿದ್ದರಂತೆ. ಜಾಲರಿಯ ಆಚೆ, ನಾಳೆಯವರೆಗೆ ಗುಟ್ಟಾಗಿರಲಿ ಅಂತ ಡಾಕ್ಟರಮ್ಮ ಬಿಳಿ ಪರದೆ ಇಳಿಬಿಟ್ಟಿದ್ದರು. ಹಿಂಬಾಗಿಲಿನಿಂದ ಒಳಗೆ ಹೋದೆವು.

ಭಾವ ಔಷಧಿ ಹಾಕುವ ಡ್ರಾಪರ್ ತಂದಿದ್ದರು. ನೀರಿಗೆ ಸೋಪು ಎರಡೇ ಹನಿ. ಮೂರನೆಯದು ಬಿತ್ತು, ಆ ನೀರು ಚೆಲ್ಲಿ ಹೊಸ ನೀರು ಹಿಡಿದರು. ಗಾಜು ಒರೆಸಿ, ಪ್ರಿಂಟನ್ನು ಟೇಪಿನಿಂದ ನಿಲ್ಲಿಸಿ, ಚೀಟಿಯಲ್ಲಿದ್ದ ಹಾಗೆ ದೂರ ಹೋಗಿ ನೋಡಿದರು. ಒಳಗೇ, ಹಜಾರದ ಹಿಂದಿನ ಗೋಡೆಗೆ ಬೆನ್ನು ತಾಗುವವರೆಗೆ ಹೋದರು. ಅಲ್ಲಿಂದ "ಕಣ್ಣಿನ ಆಸ್ಪತ್ರೆ" ಅಂತ ಗಟ್ಟಿಯಾಗಿ ಓದಿದರು. ಡಾಕ್ಟರಮ್ಮ ಪೆಟ್ಟಿಗೆ ಬಿಚ್ಚುತ್ತಿದ್ದವರು ತಲೆ ಎತ್ತಿ ನೋಡಿ, "ಲಕ್ಷಣವಾಗಿದೆ ಸರ್," ಅಂದರು. ಅವರೂ ಒಳಗಿದ್ದರು. ನಾನೂ ಒಳಗಿದ್ದೆ. ಇದನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ.

ಅಂಟಿಸಿದೆವು. ಮಧ್ಯದಿಂದ ಅಂಚಿಗೆ. ಭಾವನ ಹಣೆಯ ಮೇಲೆ ಬೆವರು, ಕಣ್ಣಲ್ಲಿ ನೀರು. "ಯಾರಿಗೂ ಗೊತ್ತಾಗಲ್ಲ ಕಣಮ್ಮಾ," ಅಂತ ಪಿಸುಗುಟ್ಟಿದರು. "ಅವನ ಹೆಸರು ಉಳೀತು."

ಓಪನಿಂಗ್ ಭಾನುವಾರವಾದರೂ ಶನಿವಾರ ಹನ್ನೊಂದಕ್ಕೆ ಆ ಬೀದಿಯ ಹಿರಿಯರಿಗೆ ಉಚಿತ ತಪಾಸಣೆ ಇತ್ತು. ಹತ್ತು ಮಂದಿ ಹೊರಗೆ ಸೇರಿದ್ದರು. ಗುಟ್ಟನ್ನು ಇನ್ನೊಂದು ದಿನ ತಡೆದುಕೊಳ್ಳಲಾರದೆ ಡಾಕ್ಟರಮ್ಮ ಪರದೆ ಸರಿಸಲು ವಾಚ್‌ಮನ್‌ಗೆ ಹೇಳಿದರು.

ಹೊರಗೆ ಒಬ್ಬಿಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.

ಮೊದಲು ಒಳಗೆ ಬಂದವರು ಕೋಲು ಹಿಡಿದ ಮೇಷ್ಟರೊಬ್ಬರು. "ಡಾಕ್ಟ್ರೇ, ಬೆಳಗ್ಗೆ ಪೇಪರ್ ಓದುವಾಗ ಸರಿ ಇತ್ತು," ಅಂದರು. "ಈಗ ಅಕ್ಷರ ಎಲ್ಲಾ ಆ ಕಡೆ ಮುಖ ಮಾಡ್ಕೊಂಡಿವೆ."

ಡಾಕ್ಟರಮ್ಮ ಅವರನ್ನು ಕೂರಿಸಿ ಪಟ್ಟಿ ಓದಿಸಿದರು. ಕೊನೆಯ ಸಾಲಿನವರೆಗೆ ಓದಿದರು.

"ನಿಮ್ಮ ಕಣ್ಣು ಚೆನ್ನಾಗಿದೆ."

"ಈ ಪಟ್ಟಿ ಓದೋಕಲ್ಲಮ್ಮಾ ನಾನು ಬಂದಿದ್ದು. ಆ ಬೋರ್ಡು ಓದೋಕಾಗೋ ಕನ್ನಡಕ ಕೊಡಿ."

ಅಷ್ಟರಲ್ಲಿ ಹೊರಗೆ ಎರಡು ಪಕ್ಷವಾಗಿತ್ತು. ಕಣ್ಣು ಹೋಯಿತು ಅನ್ನುವವರದು ಒಂದು. ಇನ್ನೊಂದು ಪಕ್ಷಕ್ಕೆ ಬೀದಿಯ ತುದಿಯ ಸೈಕಲ್ ಅಂಗಡಿಯವರು ನಾಯಕರು. "ಅದು ಬೇರೆ ದೇಶದ ಭಾಷೆ ಕಣ್ರಿ. ಡಾಕ್ಟರಮ್ಮ ಹೊರದೇಶದಲ್ಲಿ ಓದಿದವರು," ಅಂತ ಅವರು. "ನಾನು ಮಿಲಿಟ್ರಿಯಲ್ಲಿದ್ದಾಗ ನೋಡಿದೀನಿ. ಮೇಲಿನ ಸಾಲು ಓದಬಲ್ಲೆ, ಅರ್ಥ ಹೇಳಲಾರೆ."

ಡಾಕ್ಟರಮ್ಮ ಎದ್ದು ಹೊರಗೆ ಹೋದರು. ಹಿಂದೆ ಭಾವ. ಹಿಂದೆ ನಾನು.

ಬೀದಿಯ ಕಡೆಯಿಂದ ನೋಡಿದರೆ, ಎಂಟು ಅಡಿ ಉದ್ದಕ್ಕೂ, ಸೊಳ್ಳೆಯಷ್ಟೂ ಓರೆಯಿಲ್ಲದೆ, ಎಲ್ಲ ಅಕ್ಷರಗಳೂ ಉಲ್ಟಾ ಇದ್ದವು. ಜಗತ್ತನ್ನು ಸ್ಪಷ್ಟವಾಗಿ ನೋಡಿ ಅನ್ನುವುದೂ ಉಲ್ಟಾ ಇತ್ತು.

ಭಾವ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಒಳಗಿನಿಂದ ಸರಿಯಾಗಿತ್ತು," ಅಂದರು.

ಗುಂಪಿನ ಹಿಂದಿನಿಂದ ಒಬ್ಬರು ಮುಂದೆ ಬಂದರು. ಎದುರು ಸಾಲಿನ ಪೇಂಟರಜ್ಜ. ವಿನೈಲ್ ಬರುವುದಕ್ಕೆ ಮೊದಲು ಈ ಬೀದಿಯ ಬೋರ್ಡುಗಳನ್ನೆಲ್ಲ ಕುಂಚದಲ್ಲಿ ಬರೆದವರು. ಬಂದ ಮೇಲೆ ಗೇಟುಗಳಿಗೆ ಬಣ್ಣ ಬಳಿಯುತ್ತ ಇದ್ದವರು.

"ಒಳಗಿನಿಂದ ಸರಿ ಇದ್ರೆ ಹೊರಗಿನಿಂದ ಹೇಗ್ರೀ ಸರಿ ಇರತ್ತೆ?" ಅಂದರು. "ಗಾಜಿನ ಒಳಮೈಗೆ ಬರೆಯೋದು ಯಾವಾಗ್ಲೂ ಉಲ್ಟಾನೇ. ನಲವತ್ತು ವರ್ಷ ನಾನು ಉಲ್ಟಾ ಬರೆದಿದೀನಿ. ನಿಮ್ಮ ತಮ್ಮ ಇದನ್ನ ಉಲ್ಟಾ ಪ್ರಿಂಟ್ ಮಾಡಿ ಇಟ್ಟಿದ್ನಲ್ಲ, ಬಂದು ತೋರಿಸಿದ್ದ ನನಗೆ. ಅದೆಲ್ಲಿ?"

ಭಾವ ತಲೆ ಎತ್ತಿದರು.

"ಬೇಕು ಅಂತಲೇ ಉಲ್ಟಾ ಮಾಡಿದ್ನಾ?"

"ಮತ್ತೆ ಬೇಡ ಅಂತ ಮಾಡ್ತಾರಾ?"

"ಅಂದ್ರೆ ಅವನ ತಲೆ..."

"ಅವನ ತಲೆಗೇನಾಗಿತ್ತು? ಗಟ್ಟಿಯಾಗಿತ್ತು. ನಿಮ್ಮದೇ ನನಗೆ ಯೋಚನೆ."

ತಾನು ಮಾಡಿದ ಕೆಲಸ ಇಡೀ ಬೀದಿಯ ಮುಂದೆ ತಲೆಕೆಳಗಾದ ಮನುಷ್ಯನ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿಲ್ಲ. ಭಾವ ಅಲ್ಲೇ ಕೂತು ಫೋನು ತೆಗೆದರು.

"ಅತ್ತೆ, ಅವನು ಸರಿ ಇದ್ದ. ಹೂಂ. ಪೂರ್ತಿ ಸರಿ ಇದ್ದ. ತಪ್ಪು ನನ್ನದು. ನನ್ನದು ಅತ್ತೆ, ನಾನೇ ದಡ್ಡ. ಎಲ್ಲರಿಗೂ ಫೋನ್ ಮಾಡಿ ಹೇಳು, ದೊಡ್ಡವನು ದಡ್ಡ ಅಂತ. ದೊಡ್ಡಮ್ಮಂಗೂ ಹೇಳು." ಆ ಕಡೆಯಿಂದ ಏನೋ ಕೇಳಿತು. "ಚಪ್ಪಲಿ ನೀನೇ ತಪ್ಪು ಹಾಕ್ಕೊಂಡಿದ್ದೆ. ಇಡು ಈಗ."

ಡಾಕ್ಟರಮ್ಮ ಕೈ ಕಟ್ಟಿಕೊಂಡು ನಿಂತಿದ್ದರು. "ನಿಮ್ಮ ಮನೆ ವಿಷಯ ಸರಿ ಹೋಗಿದ್ದು ಸಂತೋಷ ಸರ್," ಅಂದರು. "ನಾಳೆ ಒಂಬತ್ತಕ್ಕೆ ನನ್ನ ಓಪನಿಂಗ್. ಗಾಜು?"

ಭಾವನ ಮುಖ ಇಳಿಯಿತು. "ಫಿಲ್ಮ್ ಇಲ್ಲ. ಅವನು ಮಾಡಿದ್ದನ್ನ ನಾನೇ ಸುಡಿಸಿಬಿಟ್ಟೆ."

"ಸುಟ್ಟಿಲ್ಲ ಭಾವ," ಅಂದೆ.

"ಸುಡು ಅಂದಾಗ ಹೂಂ ಅಂದೆಯಲ್ಲಮ್ಮಾ."

"ಅಂದೆ."

ಪೇಂಟರಜ್ಜ ನನ್ನನ್ನು ಆಗ ನೋಡಿದರು. "ಹೋಗಿ ತಾ ಮಗಳೇ," ಅಂದರು. "ಹಾಗೇ ಅಂಗಡಿ ಮೂಲೆಯಲ್ಲಿ ಓರೆ ನೋಡೋ ಒಂದು ರಸಮಟ್ಟ ಇರಬೇಕು, ಮರದ್ದು, ಹಿತ್ತಾಳೆ ಅಂಚು. ಅದನ್ನೂ ತಾ. ನಂದೇ ಅದು. ಇದೇ ಕೆಲಸಕ್ಕೆ ಅಂತ ಅವನು ಇಸ್ಕೊಂಡಿದ್ದ. ಸಾವಿನ ಮನೆಗೆ ಬಂದು ಮಟ್ಟ ಕೊಡಿ ಅಂತ ಕೇಳೋಕೆ ಬಾಯಿ ಬರಲಿಲ್ಲ."

ಎರಡನ್ನೂ ತಂದೆ. ರಸಮಟ್ಟ ಹಳೆ ಟವಲಿನಲ್ಲಿ ಸುತ್ತಿಟ್ಟಿತ್ತು. ಅದರ ಗಾಜಿನ ಕೊಳವೆಯ ಪಕ್ಕದಲ್ಲಿ ವಿನೈಲಿನ ಒಂದು ಸಣ್ಣ ಚೂರು ಅಂಟಿಸಿ, ಮೊನಚು ಪೆನ್ನಿನಲ್ಲಿ ಬರೆದಿದ್ದರು: "ಅಜ್ಜನ ಮಟ್ಟ. ಗುಳ್ಳೆ ಅರ್ಧ ಎಡಕ್ಕಿದ್ದರೆ ನೇರ."

ಭಾವ ಅದನ್ನು ಓದಿದರು. ಬಲಹುಬ್ಬು ಮೇಲೇರಿತು.

"ಈ ಮಟ್ಟಕ್ಕೆ ಇಲಾಖೆ ಮುದ್ರೆ ಇದೆಯಾ?"

"ನಿಮ್ಮ ಇಲಾಖೆಗೆ ಬಾಗಿಲು ಇಟ್ಟಿದ್ದೇ ಈ ಮಟ್ಟದಿಂದ," ಅಂದರು ಅಜ್ಜ. "ಹಿಡ್ಕೊಳ್ಳಿ ಸುಮ್ನೆ."

ತಪ್ಪಾಗಿ ಅಂಟಿಸಿದ್ದರಲ್ಲಿ ನೀರಿನ್ನೂ ಆರಿರಲಿಲ್ಲ. ಒಂದು ಮೂಲೆಯಿಂದ ಎತ್ತಿ ಮೆಲ್ಲಗೆ ಎಳೆದರೆ ಬಂತು. ಮೇಷ್ಟರು ಒಂದು ತುದಿ ಹಿಡಿದುಕೊಂಡರು. ಗಾಜನ್ನು ಮತ್ತೆ ತೊಳೆದೆವು. ಭಾವ ಪ್ರಿಂಟನ್ನು ಮುಟ್ಟಲು ಒಪ್ಪಲಿಲ್ಲ. "ನೀನೇ ಅಂಟಿಸಮ್ಮಾ. ನಾನು ಮಟ್ಟ ಹಿಡೀತೀನಿ," ಅಂದರು.

ನಾನು ಸ್ಟೂಲಿನ ಮೇಲೆ ಹತ್ತಿದೆ. ಟೇಪು ಹಾಕಿ ನಿಲ್ಲಿಸಿದೆ. ಈ ಸಲ ದೂರ ಹೋಗಿ ನೋಡಲು ಅಜ್ಜ ಬೀದಿಯ ಆಚೆ ಬದಿಗೆ ಹೋಗಿ ನಿಂತರು. ಅವರ ಜೊತೆಗೆ ತಪಾಸಣೆಗೆ ಬಂದ ಹತ್ತು ಮಂದಿಯೂ ನಿಂತರು. ಅಜ್ಜ ಎಡಗೈ ಎತ್ತಿದರೆ ಎಡಗಡೆ ಮೇಲೆ ಅಂತ ಮೊದಲೇ ಮಾತಾಗಿತ್ತು. ಯಾರ ಎಡ ಅಂತ ಮಾತಾಗಿರಲಿಲ್ಲ. ಅಜ್ಜ ಎಡಗೈ ಎತ್ತಿದರು. ನಾನು ನನ್ನ ಎಡಗಡೆ ಎತ್ತಿದೆ. ಹನ್ನೊಂದು ಮಂದಿ ಒಟ್ಟಿಗೆ ತಲೆ ಅಲ್ಲಾಡಿಸಿದರು. ಎರಡನೆಯ ಸಲ ಅಜ್ಜ ಬೆನ್ನು ತಿರುಗಿಸಿ ನಿಂತು ಕೈ ಎತ್ತಿದರು. ಎಡ ಸರಿಹೋಯಿತು; ಆದರೆ ಅವರಿಗೆ ಗಾಜು ಕಾಣಿಸಲಿಲ್ಲ. ಕೊನೆಗೆ ವಾಚ್‌ಮನ್‌ನನ್ನು ಒಂದು ತುದಿಗೂ ಸೈಕಲ್ ಅಂಗಡಿಯವರನ್ನು ಇನ್ನೊಂದು ತುದಿಗೂ ನಿಲ್ಲಿಸಿ, "ಮಿಲಿಟ್ರಿ ಕಡೆ ಕೂದಲೆಳೆ ಕೆಳಗೆ," "ವಾಚ್‌ಮನ್ ಕಡೆ ಹಾಗೇ ಇರಲಿ," ಅಂತ ಕೂಗಿ ಹೇಳಿದರು.

"ಗುಳ್ಳೆ ಎಲ್ಲಿದೆ ಭಾವ?"

"ಅರ್ಧ ಎಡಕ್ಕೆ," ಅಂದರು ಭಾವ. ಮೂವತ್ತೆರಡು ವರ್ಷದ ಸೇವೆಯಲ್ಲಿ ತಪ್ಪು ತೋರಿಸುವ ಅಳತೆಯೊಂದಕ್ಕೆ ಅವರು ಒಪ್ಪಿಗೆ ಕೊಟ್ಟದ್ದು ಅದೇ ಮೊದಲು. "ಅರ್ಧ ಎಡಕ್ಕೇ ಇದೆ. ಅಂಟಿಸು."

ಅಂಟಿಸಿದೆ. ಮಧ್ಯದಿಂದ ಅಂಚಿಗೆ. ನನ್ನ ಕಡೆಯಿಂದ ಅಕ್ಷರಗಳೆಲ್ಲ ಉಲ್ಟಾ ಕಾಣುತ್ತಿದ್ದವು; ಅವರು ದಿನವೂ ಹೀಗೇ ನೋಡುತ್ತಿದ್ದಿರಬೇಕು. "ಸ್ಪಷ್ಟ"ದ ಒತ್ತಕ್ಷರದ ಹತ್ತಿರ ಒಂದು ಗುಳ್ಳೆ ಎದ್ದಿತು. ಸೂಜಿಯಿಂದ ಚುಚ್ಚಿ ಹೆಬ್ಬೆರಳಿನಿಂದ ಒತ್ತಿದೆ. ಕೂತಿತು.

ನಾಲ್ಕು ಗಂಟೆಯ ಹೊತ್ತಿಗೆ ಹೊರಗಿನಿಂದ ಹತ್ತು ಮಂದಿ ಒಟ್ಟಿಗೆ ಗಟ್ಟಿಯಾಗಿ ಓದಿದರು. ಕೆಳಗಿನ ಸಾಲನ್ನೂ ಓದಿದರು. ಮೇಷ್ಟರು ಮಾತ್ರ ಸ್ವಲ್ಪ ಪೆಚ್ಚಾದರು. ಕನ್ನಡಕ ಸಿಗುತ್ತದೆ ಅಂದುಕೊಂಡಿದ್ದವರು. ಸೈಕಲ್ ಅಂಗಡಿಯವರು, ಡಾಕ್ಟರಮ್ಮ ಭಾಷೆ ಬದಲಾಯಿಸಿದ್ದು ಒಳ್ಳೆಯದಾಯಿತು ಅಂದರು.

ಭಾನುವಾರ ಓಪನಿಂಗಿಗೆ ಭಾವ ಹೋಗಿಬಂದರು. ನಾನು ಹೋಗಲಿಲ್ಲ. ಬಂದವರು ಅಂಗಡಿಯ ಬೀಗದ ಕೈಯನ್ನು ನನ್ನ ಮುಂದೆ ಮೇಜಿನ ಮೇಲೆ ಇಟ್ಟು, ಗುರುವಾರ ಎರಡನೆಯ ಆಸ್ಪತ್ರೆ ಅಂದರು. ಆಮೇಲೆ ಟೈಲರಿಗೆ ಹೇಳಿಬರಲು ಹೋದರು. ನೇರವಾಗಿ ಇಲ್ಲ ಅನ್ನಲು ಬಾಯಿ ಬರದೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮುಕ್ಕಾಲು ಗಂಟೆ ಮಾತಾಡಿದರಂತೆ. ನಡುವೆ ಟೈಲರ್ ಅವರಿಗೆ ಒಂದು ಪ್ಯಾಂಟಿನ ಅಳತೆ ತೆಗೆದುಕೊಂಡರು. ಹೊಸ ಟೇಪಿನಲ್ಲಿ. ಭಾವ ಅದನ್ನೂ ಪರೀಕ್ಷಿಸಿದರು.

ಸೋಮವಾರ ಬೆಳಗ್ಗೆ ನಾನು ರಸಮಟ್ಟವನ್ನು ಟವಲಿನಿಂದ ಬಿಡಿಸಿ, ಹಿತ್ತಾಳೆ ಅಂಚು ಒರೆಸಿ, ಪೇಂಟರಜ್ಜನ ಮನೆಗೆ ತೆಗೆದುಕೊಂಡು ಹೋದೆ. ವಿನೈಲಿನ ಚೂರನ್ನು ಕೀಳಲಿಲ್ಲ. ಅಜ್ಜ ಒಂದು ಗೇಟನ್ನು ಎರಡು ಕಲ್ಲಿನ ಮೇಲೆ ಮಲಗಿಸಿಕೊಂಡು ತುಕ್ಕು ಉಜ್ಜುತ್ತಿದ್ದರು.

"ಮುಂದಿನ ಕೆಲಸ ಯಾವಾಗ?" ಅಂದರು.

"ಗುರುವಾರ."

"ಮತ್ತೆ ಯಾಕೆ ತಂದೆ? ಇಟ್ಕೋಬಾರದಾಗಿತ್ತಾ? ಗುರುವಾರ ಮತ್ತೆ ಬೇಕಾಗತ್ತೆ."

"ಇದು ಅವರು ತಗೊಂಡಿದ್ದು ಅಜ್ಜಾ," ಅಂದೆ. "ವಾಪಸ್ ತಂದೆ. ಗುರುವಾರ ಬಂದು ನಾನು ತಗೊಂಡು ಹೋಗ್ತೀನಿ."

ಅಜ್ಜ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದರು. ರಸಮಟ್ಟವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಒಳಗೆ ಹೋಗಿ, ಗೋಡೆಯ ಮೊಳೆಗೆ ತೂಗುಹಾಕಿದರು.

"ಬೆಳಗ್ಗೆ ಬೇಗ ಬಾ," ಅಂದರು ಒಳಗಿನಿಂದ. "ಬಿಸಿಲು ಏರಿದ್ರೆ ಗಾಜು ಕಾಯತ್ತೆ."